ಮರಳು, ಮೇಘ, ಕೆರೆ
ಶಾಲೆಯ ತರಗತಿಗಳಲ್ಲಿ ಮೇಘತಂತ್ರ: ಒಂದು ವಿಮರ್ಶೆ

೧

ಹೊಸ ಸಾಧನವೊಂದು ಶಾಲೆಯ ಬಾಗಿಲಿಗೆ ಬಂದಾಗ ಮೊದಲು ಪರೀಕ್ಷಿಸಬೇಕಾದದ್ದು ಅದರ ಹೆಸರನ್ನು. ಹೆಸರೆಂಬುದು ವಸ್ತುವಿನ ಅರ್ಧ ವಿವರಣೆ. ಕೆಲವೊಮ್ಮೆ ಅದೇ ವಸ್ತುವನ್ನು ಮರೆಸುವ ತೆರೆಯೂ ಆಗುವುದುಂಟು. ಗಣಕಯಂತ್ರದ ಲೋಕದಲ್ಲಿ ‘ಕ್ಲೌಡ್’ ಎಂದು ಕರೆಯಲ್ಪಡುವ ವ್ಯವಸ್ಥೆಗೆ ‘ಮೇಘ’ವೆಂಬ ಮಾತು ಕನ್ನಡದಲ್ಲಿ ಬಳಕೆಗೆ ಬರುತ್ತಿದೆ. ಮೇಘವೆಂದೊಡನೆ ಸಂಸ್ಕೃತ ಸಾಹಿತ್ಯದ ಪರಿಚಯವುಳ್ಳ ವಾಚಕನ ನೆನಪಿಗೆ ಬರುವುದು ಕಾಳಿದಾಸನ ಯಕ್ಷನ ದೂತ. ಆ ಮೇಘ ಸಂದೇಶವನ್ನು ಹೊರುತ್ತದೆ, ಓದುವುದಿಲ್ಲ. ಒಯ್ದುದನ್ನು ತನ್ನಲ್ಲಿ ಇರಿಸಿಕೊಳ್ಳುವುದೂ ಇಲ್ಲ. ಇಂದಿನ ಮೇಘವು ಹೊರುವುದರ ಜೊತೆಗೆ ಓದುತ್ತದೆ, ಎಣಿಸುತ್ತದೆ, ಕೂಡಿಡುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಚಾರಕ್ಕೆ ತೊಡಗಬೇಕು.

ಈ ಮೇಘ ಆಕಾಶದಲ್ಲಿಲ್ಲವೆಂಬುದನ್ನು ಮೊದಲಿಗೆ ಹೇಳಬೇಕು. ತನ್ನ ಶಾಲೆಯಲ್ಲಿರುವ ಯಂತ್ರದಲ್ಲಿ ಬರೆದುದನ್ನು ಮಗು ಅಲ್ಲಿಯೇ ಇಡದೆ, ಜಾಲದ ಮೂಲಕ ದೂರದ ದೊಡ್ಡ ಗಣಕಾಗಾರವೊಂದರಲ್ಲಿ ಇಡುತ್ತದೆ. ಬೇಕಾದಾಗ ಅಲ್ಲಿಂದ ತರಿಸಿಕೊಳ್ಳುತ್ತದೆ. ಅಮೆರಿಕದ ಮಾನಕಸಂಸ್ಥೆಯು ೨೦೧೧ರಲ್ಲಿ ಈ ವ್ಯವಸ್ಥೆಗೆ ಐದು ಲಕ್ಷಣಗಳನ್ನು ನಿರ್ಣಯಿಸಿತು: ಬೇಕೆಂದಾಗ ತಾನಾಗಿ ಒದಗುವುದು, ಜಾಲದ ಮೂಲಕ ಎಲ್ಲೆಡೆಯಿಂದ ಸಿಕ್ಕುವುದು, ಅನೇಕರಿಗೆ ಸಾಮಾನ್ಯವಾದ ಸಂಗ್ರಹದಿಂದ ಹಂಚಿಕೆಯಾಗುವುದು, ಅಗತ್ಯಕ್ಕೆ ತಕ್ಕಂತೆ ಬೇಗನೆ ಹಿಗ್ಗಿ ಕುಗ್ಗುವುದು, ಬಳಸಿದಷ್ಟಕ್ಕೂ ಅಳತೆಯಿರುವುದು. ಕೊನೆಯದಾದ ‘ಅಳತೆ’ಯೆಂಬ ಲಕ್ಷಣ ವರ್ತಕರಿಗೆ ಲೆಕ್ಕದ ಮಾತು. ಅದು ಶಾಲೆಗೆ ಬಂದಾಗ ಏನಾಗುತ್ತದೆಯೆಂಬುದು ಈ ವಿಮರ್ಶೆಯ ಮುಖ್ಯ ವಿಷಯ.

ಈ ವಿಚಾರಕ್ಕೆ ಚೆನ್ನೈ ನಗರದ ಪಶ್ಚಿಮ ಭಾಗದಲ್ಲಿರುವ ಪೋರೂರು ಒಳ್ಳೆಯ ನೆಲೆ. ೨೦೧೧ರಲ್ಲಿ ನಗರಪಾಲಿಕೆಯೊಳಗೆ ಸೇರಿದ ಈ ಊರು ಪೂನಮಲ್ಲಿ ಹೆದ್ದಾರಿಯ ಮೇಲಿದೆ. ಒಂದು ಕಡೆ ನಗರಕ್ಕೆ ಕುಡಿಯುವ ನೀರನ್ನು ಕೊಡುವ ಹಳೆಯ ಏರಿ, ಎಂದರೆ ಕೆರೆ. ಇನ್ನೊಂದು ಕಡೆ ಮಣಪಾಕ್ಕಂವರೆಗೆ ಹಬ್ಬಿದ ಮಾಹಿತಿತಂತ್ರದ ಕಾರ್ಯಾಲಯಗಳು. ಉದ್ಯೋಗಕ್ಕಾಗಿ ಬಂದು ಇಂಥ ಬಡಾವಣೆಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷು, ಮನೆಯಲ್ಲಿ ಕನ್ನಡ. ಮೇಘವೆಂದರೆ ಎಲ್ಲೋ ಪಶ್ಚಿಮ ದೇಶದ ಮಾತೆಂದು ಇಲ್ಲಿಯವರು ಹೇಳುವಂತೆಯೂ ಇಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ೨೦೧೫ರಲ್ಲಿ ಭಾರತದಲ್ಲಿ ತೆರೆದ ಮೂರು ಮೇಘಕೇಂದ್ರಗಳಲ್ಲಿ ಒಂದು ಚೆನ್ನೈಯಲ್ಲಿಯೇ ಇದೆ; ಸಮುದ್ರದಡಿಯ ತಂತಿಗಳು ಈ ನಗರದ ಕರಾವಳಿಯಲ್ಲಿ ದಡ ಹತ್ತುತ್ತವೆ. ಮೇಘಕ್ಕೂ ನೆಲವುಂಟು, ಒಡೆಯನುಂಟು, ವಿದ್ಯುತ್ತಿನ ಲೆಕ್ಕವುಂಟು.

೨

ಬೋಧನೆಯ ತಂತ್ರವೊಂದಕ್ಕೂ ಮದರಾಸಿಗೂ ಸಂಬಂಧ ಬಂದದ್ದು ಇದೇ ಮೊದಲಲ್ಲ. ೧೭೮೯ರಲ್ಲಿ ಎಗ್ಮೋರಿನ ಸೈನಿಕರ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಆಶ್ರಮಕ್ಕೆ ತಂದನು. ಇದ್ದ ಅಧ್ಯಾಪಕರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಕಿರಿಯರಿಗೆ ಕಲಿಸಲು ನೇಮಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಪ್ರಕಟವಾಯಿತು. ೧೮೧೧ರಲ್ಲಿ ಸ್ಥಾಪಿತವಾದ ಅಲ್ಲಿಯ ನ್ಯಾಷನಲ್ ಸೊಸೈಟಿ ಈ ಕ್ರಮವನ್ನು ಸ್ವೀಕರಿಸಿದುದರಿಂದ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಯಿತು.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಒಂದನೆಯದು: ತಿಣ್ಣೆಯ ಶಾಲೆಯಲ್ಲಿ ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುತ್ತಿದ್ದುದು ಗುರುವಿನ ಕಣ್ಣಳತೆಯಲ್ಲಿ, ಊರಿನ ಪರಿಚಿತರ ನಡುವೆ. ಇಂಗ್ಲೆಂಡಿಗೆ ಹೋದದ್ದು ಕ್ರಮ ಮಾತ್ರ; ಆ ಬಾಂಧವ್ಯ ಹೋಗಲಿಲ್ಲ. ಒಬ್ಬ ಅಧ್ಯಾಪಕನ ಕೈಕೆಳಗೆ ನೂರಾರು ಮಕ್ಕಳನ್ನು ಕೂರಿಸಿ ಅಗ್ಗವಾಗಿ ಕಲಿಸುವ ಯಂತ್ರವಾಗಿ ಅದು ಮಾರ್ಪಟ್ಟಿತು. ತಂತ್ರವು ತಾನು ಹುಟ್ಟಿದ ಸಂಬಂಧದಿಂದ ಬೇರ್ಪಟ್ಟು ಮಿತವ್ಯಯದ ಉಪಾಯವಾಗುವುದು ಎಷ್ಟು ಸುಲಭವೆಂಬುದಕ್ಕೆ ಇದು ಹಳೆಯ ನಿದರ್ಶನ.

ಎರಡನೆಯದು ಮರಳಿನ ಗುಣಕ್ಕೆ ಸಂಬಂಧಿಸಿದುದು. ಮರಳಿನ ಮೇಲೆ ಬರೆದ ತಪ್ಪು ಅಂಗೈಯ ಒಂದು ಬೀಸಿಗೆ ಅಳಿಸಿಹೋಗುತ್ತದೆ. ಮಗು ‘ಅ’ಕಾರವನ್ನು ನೂರು ಸಲ ಸೊಟ್ಟಾಗಿ ಬರೆದರೂ ನೂರೊಂದನೆಯ ಸಲ ಬರೆದ ಗುಂಡನೆಯ ಅಕ್ಷರವೊಂದೇ ಉಳಿಯುತ್ತದೆ, ಹಿಂದಿನ ನೂರು ತಪ್ಪುಗಳಿಗೆ ಸಾಕ್ಷಿಯಿಲ್ಲ. ಮರಳು ಮರೆಯುತ್ತದೆ. ಮರೆಯುವುದರಿಂದಲೇ ಅದು ಮಗುವಿಗೆ ಧೈರ್ಯ ಕೊಡುತ್ತದೆ. ಸ್ಲೇಟು ಬಳಪಗಳಲ್ಲಿಯೂ ಈ ಗುಣ ಮುಂದುವರಿಯಿತು. ಮೇಘವಾದರೋ ಮರೆಯುವ ಸಾಧನವಲ್ಲ.

೩

ಈಗ ನಮ್ಮ ದೇಶದ ಶಾಲೆಗಳಲ್ಲಿ ಈ ತಂತ್ರ ಯಾವ ರೂಪದಲ್ಲಿದೆಯೆಂಬುದನ್ನು ನೋಡಬೇಕು. ೨೦೧೭ರ ಸೆಪ್ಟೆಂಬರ್ ೫ರಂದು ಕೇಂದ್ರ ಸರ್ಕಾರ ‘ದೀಕ್ಷಾ’ ಎಂಬ ವೇದಿಕೆಯನ್ನು ಆರಂಭಿಸಿತು. ಏಕ್‌ಸ್ಟೆಪ್ ಪ್ರತಿಷ್ಠಾನವು ರೂಪಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶ ಅದಕ್ಕೆ ತಳಹದಿ. ಪಠ್ಯಪುಸ್ತಕದ ಪುಟದಲ್ಲಿ ಕಪ್ಪುಬಿಳುಪಿನ ಚೌಕಟ್ಟಿನ ಸಂಕೇತವೊಂದು ಅಚ್ಚಾಗಿರುತ್ತದೆ; ಕೈಫೋನನ್ನು ಅದರ ಮೇಲೆ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರ, ಧ್ವನಿ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ೨೦೧೮ರಲ್ಲಿ ತಮಿಳುನಾಡು ಹೊರತಂದ ಹೊಸ ಪಠ್ಯಪುಸ್ತಕಗಳಲ್ಲಿ ಈ ಸಂಕೇತಗಳು ಬಂದವು. ಕರ್ನಾಟಕದ ಪುಸ್ತಕಗಳಲ್ಲಿಯೂ ಬಂದವು. ೨೦೨೦ರಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ ಇಡೀ ದೇಶಕ್ಕೆ ಒಂದೇ ವೇದಿಕೆಯೆಂದು ಇದಕ್ಕೆ ಪ್ರಾಶಸ್ತ್ಯ ದೊರೆಯಿತು.

ಇದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಪೋರೂರಿನ ಕನ್ನಡ ಬಾಲಕನಿಗೆ ಕರ್ನಾಟಕದ ನಾಲ್ಕನೆಯ ತರಗತಿಯ ಕನ್ನಡ ಪುಸ್ತಕ ಬೇಕೆಂದರೆ ಹಿಂದೆ ಊರಿನಿಂದ ಯಾರಾದರೂ ತರಬೇಕಾಗಿತ್ತು. ಈಗ ರಾಜ್ಯ, ಮಾಧ್ಯಮ, ತರಗತಿ ಇವುಗಳನ್ನು ಆರಿಸಿಕೊಂಡರೆ ಪುಸ್ತಕವೇ ಮನೆಗೆ ಬರುತ್ತದೆ. ತಮಿಳುನಾಡಿನಲ್ಲಿ ೨೦೦೬ರ ಕಾಯಿದೆಯ ಪ್ರಕಾರ ತಮಿಳನ್ನು ಕಲಿಯುವುದು ಶಾಲೆಯ ಎಲ್ಲ ಮಕ್ಕಳಿಗೂ ಕಡ್ಡಾಯ. ನೆಲದ ಭಾಷೆಯನ್ನು ಕಲಿಯುವುದು ಯೋಗ್ಯವೇ ಸರಿ. ಆದರೆ ಹೊಸೂರು, ತಾಳವಾಡಿಗಳಲ್ಲಿ ತಲೆಮಾರುಗಳಿಂದ ಇರುವ ಕನ್ನಡಿಗರಿಗೂ ಚೆನ್ನೈಯ ಬಡಾವಣೆಗಳಿಗೆ ನಿನ್ನೆ ಮೊನ್ನೆ ಬಂದವರಿಗೂ ಕನ್ನಡದ ಓದಿಗೆ ಶಾಲೆಯಲ್ಲಿ ಸಿಕ್ಕುವ ಅವಕಾಶ ಕಿರಿದಾಗುತ್ತಿರುವಾಗ, ಗಡಿಯನ್ನು ದಾಟಿ ಬರುವ ಪುಸ್ತಕ ಅಲ್ಪವಾದ ಲಾಭವೇನಲ್ಲ. ಅಜ್ಜಿ ಶಿವಮೊಗ್ಗದಲ್ಲಿ, ಮೊಮ್ಮಗಳು ಪೋರೂರಿನಲ್ಲಿ ಕುಳಿತು, ಒಂದೇ ಪುಟದಲ್ಲಿ ಒಬ್ಬರು ಗಾದೆ ಬರೆದು ಇನ್ನೊಬ್ಬರು ಅರ್ಥ ಬರೆಯುವುದು ಇಂದು ಸಾಧ್ಯ. ೨೦೧೪ರಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ ‘ಕ್ಲಾಸ್‌ರೂಮ್’ ಮೊದಲಾದ ವೇದಿಕೆಗಳ ಸಾರವೂ ಇಂಥ ಕೂಡುಬರಹವೇ. ಹತ್ತು ಮಕ್ಕಳು ಹತ್ತು ಊರುಗಳ ಮನೆಮಾತಿನ ಶಬ್ದಗಳನ್ನು ಒಂದೆಡೆ ಸೇರಿಸಿದರೆ ಅದು ನಿಘಂಟುಕಾರನಿಗೂ ಉಪಯೋಗಕ್ಕೆ ಬಂದೀತು.

ಆದರೂ ಪುಸ್ತಕ ಸಿಕ್ಕುವುದು ಬೇರೆ, ಕಲಿಸುವವರು ಸಿಕ್ಕುವುದು ಬೇರೆ. ಮೇಘದಿಂದ ಬಂದ ಪಾಠವನ್ನು ಓದಿ ‘ಇಲ್ಲಿ ಳಕಾರ, ಲಕಾರವಲ್ಲ’ ಎಂದು ತಿದ್ದುವ ಒಬ್ಬರು ಬಳಿಯಲ್ಲಿ ಇಲ್ಲದಿದ್ದರೆ ಆ ಪುಸ್ತಕ ತೆರೆದ ಹಾಗೆಯೇ ಮುಚ್ಚುತ್ತದೆ. ಬೆಲ್ಲನ ಪದ್ಧತಿಗೆ ಇದ್ದ ದೋಷವೇ ಇಲ್ಲಿಯೂ ಕಾದಿದೆ.

೪

ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಓಲೆಗರಿಯ ಕಾಲದಿಂದಲೂ ಕನ್ನಡ ವಿದ್ವಾಂಸರು ಪಾಠಾಂತರಗಳೊಡನೆ ಸೆಣಸುತ್ತ ಬಂದಿದ್ದಾರೆ. ಲಿಪಿಕಾರನು ಒಂದಕ್ಷರವನ್ನು ಬಿಟ್ಟರೆ, ಇನ್ನೊಂದನ್ನು ಸೇರಿಸಿದರೆ, ಬೇರೆ ಪ್ರತಿಯೊಡನೆ ಹೋಲಿಸಿ ಮೂಲವನ್ನು ಊಹಿಸುವುದು ಸಾಧ್ಯ. ಏಕೆಂದರೆ ಎರಡೂ ಪ್ರತಿಗಳು ಉಳಿದಿರುತ್ತವೆ. ಅಚ್ಚಿನ ಪುಸ್ತಕದಲ್ಲಿಯೂ ಮೊದಲ ಮುದ್ರಣ, ಎರಡನೆಯ ಮುದ್ರಣವೆಂಬ ಗುರುತಿರುತ್ತದೆ. ಮೇಘದಲ್ಲಿರುವ ಪಾಠಕ್ಕೆ ಓದುಗನ ಕೈಯಲ್ಲಿ ಪ್ರತಿಯಿಲ್ಲ. ನಿನ್ನೆ ಇದ್ದ ವಾಕ್ಯವನ್ನು ಇಂದು ಬದಲಿಸಿದರೆ ನಿನ್ನೆಯ ವಾಕ್ಯ ಇತ್ತೆಂಬುದಕ್ಕೆ ಓದುಗನಿಗೆ ನೆನಪೊಂದೇ ಆಧಾರ.

ಇದು ಬರಿಯ ಊಹೆಯ ಭಯವಲ್ಲವೆಂಬುದನ್ನು ಕರ್ನಾಟಕದ ಈಚಿನ ಅನುಭವದಿಂದ ತಿಳಿಯಬಹುದು. ೨೦೨೨ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆಯಾದಾಗ ರಾಜ್ಯದಲ್ಲೆಲ್ಲ ವಾದವಿವಾದಗಳು ಎದ್ದವು. ೨೦೨೩ರಲ್ಲಿ ಸರ್ಕಾರ ಬದಲಾದಮೇಲೆ ಮತ್ತೆ ಪರಿಷ್ಕರಣೆಯಾಯಿತು. ಪುಸ್ತಕಗಳು ಆಗಲೇ ಅಚ್ಚಾಗಿದ್ದುದರಿಂದ ಬದಲಾವಣೆಗಳನ್ನು ಪೂರಕ ಪುಸ್ತಿಕೆಯ ರೂಪದಲ್ಲಿ ಕೊಡಬೇಕಾಯಿತು. ಯಾವ ಪಕ್ಷದ ವಾದ ಸರಿಯೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಕಾಗದದ ಜಡತ್ವವೇ ಆಗ ಜನಕ್ಕೆ ಉಪಕಾರ ಮಾಡಿತು ಎಂಬುದು ಮುಖ್ಯ. ಏನನ್ನು ತೆಗೆದರು, ಏನನ್ನು ಸೇರಿಸಿದರು ಎಂಬುದನ್ನು ಎರಡು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಯಾವ ತಂದೆತಾಯಿಯೂ ಹೋಲಿಸಿ ನೋಡಬಹುದಾಗಿತ್ತು. ಅದೇ ಪಾಠ ಮೇಘದಲ್ಲಿ ಮಾತ್ರ ಇದ್ದಿದ್ದರೆ ಒಂದು ರಾತ್ರಿಯಲ್ಲಿ, ಸದ್ದಿಲ್ಲದೆ, ಬದಲಾಗಬಹುದಾಗಿತ್ತು. ಆದುದರಿಂದ ಶಾಲೆಯ ಮೇಘಪಾಠಕ್ಕೆ ಆವೃತ್ತಿಯ ಸಂಖ್ಯೆ, ದಿನಾಂಕ, ಹಿಂದಿನ ಪಾಠ ಇವು ಸಾರ್ವಜನಿಕವಾಗಿ ಸಿಕ್ಕುವಂತಿರಬೇಕೆಂದು ಒತ್ತಾಯಿಸುವುದು ಸಂಪಾದನಶಾಸ್ತ್ರದ ಮರ್ಯಾದೆ ಮಾತ್ರವಲ್ಲ, ಪ್ರಜೆಯ ಹಕ್ಕು ಕೂಡ.

ಪುಟದಂಚಿನ ಸಂಕೇತವನ್ನೂ ಈ ದೃಷ್ಟಿಯಿಂದ ನೋಡಬೇಕು. ಹಳೆಯ ಪುಸ್ತಕಗಳಲ್ಲಿ ಮೂಲದ ಪಕ್ಕದಲ್ಲಿ ಟೀಕೆಯಿರುತ್ತಿತ್ತು. ಕಣ್ಣು ಎರಡನ್ನೂ ಒಟ್ಟಿಗೆ ಕಾಣುತ್ತಿತ್ತು. ಈ ಹೊಸ ಟೀಕೆ ಪುಟದ ಮೇಲಿಲ್ಲ. ಅದನ್ನು ಓದಲು ಪುಟವನ್ನೇ ಬಿಟ್ಟು ಹೋಗಬೇಕು. ಹೋದ ಮಗು ಹಿಂದಿರುಗುವುದೇ ಇಲ್ಲವೇ ಎಂಬುದು ಅಧ್ಯಾಪಕನ ಚಿಂತೆ. ಅಲ್ಲದೆ ಕೈಫೋನಿಲ್ಲದ ಮನೆಯ ಮಗುವಿಗೆ ಆ ಚೌಕಟ್ಟು ಬರಿಯ ಕಪ್ಪುಚುಕ್ಕೆಗಳ ಗುಂಪು.

೫

ಅಕ್ಷರದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮೇಘದಲ್ಲಿ ಕನ್ನಡ ಉಳಿಯಬೇಕಾದರೆ ಕನ್ನಡದ ಅಕ್ಷರ ಕನ್ನಡದ ಅಕ್ಷರವಾಗಿಯೇ ದಾಖಲಾಗಬೇಕು. ೧೯೯೧ರ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತ್ತು. ಆದರೆ ಆ ಮೇಲೆಯೂ ಬಹುಕಾಲ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬಳಸಿದ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಈ ತಂತ್ರಾಂಶಗಳೂ ಕನ್ನಡಕ್ಕೆ ಮಾಡಿದ ಉಪಕಾರ ಹಿರಿದು. ಅವುಗಳಿಲ್ಲದಿದ್ದರೆ ಕನ್ನಡ ಗಣಕಕ್ಕೆ ಅಷ್ಟು ಬೇಗ ಏರುತ್ತಿರಲಿಲ್ಲ. ಆದರೂ ಆ ಹಳೆಯ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತವನ್ನು ಅಂಥ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಲ್ಯಾಟಿನ್ ಗುರುತುಗಳ ಕಲಸುಮೇಲೋಗರ. ಮುದ್ರಿತ ಪುಟದ ಚಿತ್ರದಂತೆ ಇರಿಸಿದ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ‘ಬೇಂದ್ರೆ’ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ನಕಲು ಮಾಡಿದರೆ ಅಕ್ಷರ ಒಡೆಯುತ್ತದೆ. ಕುರುಡು ಮಗುವಿಗೆ ಓದಿ ಹೇಳುವ ಯಂತ್ರ ಅಲ್ಲಿ ಮೂಕವಾಗುತ್ತದೆ.

ಕಣಜದಲ್ಲಿ ಧಾನ್ಯವಿದೆಯೆಂಬುದು ಎಷ್ಟು ಮುಖ್ಯವೋ ಅದನ್ನು ತೆಗೆಯಲು ಬರುತ್ತದೆಯೆಂಬುದೂ ಅಷ್ಟೇ ಮುಖ್ಯ. ಕನ್ನಡದ ಪಠ್ಯಗಳನ್ನು ಮೇಘಕ್ಕೆ ಏರಿಸಿದೆವೆಂದು ಸಂಖ್ಯೆಗಳನ್ನು ಹೇಳುವವರು, ಅವುಗಳಲ್ಲಿ ಹುಡುಕಲು ಬರುವಂಥವು ಎಷ್ಟೆಂಬುದನ್ನೂ ಹೇಳಬೇಕು.

೬

ಮರಳಿನ ಪ್ರಸ್ತಾಪಕ್ಕೆ ಹಿಂದಿರುಗೋಣ. ಮೇಘವೇದಿಕೆಯ ಮೇಲೆ ಮಗು ಯಾವ ಪಾಠವನ್ನು ಎಷ್ಟು ಹೊತ್ತು ನೋಡಿತು, ಯಾವ ಪ್ರಶ್ನೆಗೆ ಎಷ್ಟು ಸಲ ತಪ್ಪಿತು ಎಂಬುದೆಲ್ಲ ದಾಖಲಾಗಬಲ್ಲದು. ತರಗತಿಯ ಅಧ್ಯಾಪಕನೂ ಇದನ್ನು ಗಮನಿಸುತ್ತಾನೆ; ಆದರೆ ಅವನು ಗಮನಿಸುವುದು ಕಲಿಸುವುದಕ್ಕಾಗಿ, ಕಲಿಸಿದಮೇಲೆ ಮರೆಯುತ್ತಾನೆ. ೨೦೨೩ರ ಜನವರಿಯಲ್ಲಿ ಹೊರಬಂದ ಪತ್ರಿಕಾವರದಿಯೊಂದರಿಂದ, ದೀಕ್ಷಾ ವೇದಿಕೆಗೆ ಸೇರಿದ ಮೇಘಸಂಗ್ರಹವೊಂದು ವರ್ಷಕ್ಕೂ ಮಿಕ್ಕಿ ಕಾವಲಿಲ್ಲದೆ ತೆರೆದಿತ್ತೆಂಬುದು ತಿಳಿಯಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಅಧ್ಯಾಪಕರ ಹೆಸರು, ಇಮೇಲ್ ವಿಳಾಸಗಳೂ ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳೂ ಅಲ್ಲಿದ್ದವು. ಯಾವ ಮಗು ಯಾವ ಶಾಲೆಯದು, ಪಾಠವನ್ನು ಎಷ್ಟರಮಟ್ಟಿಗೆ ಮುಗಿಸಿತು ಎಂಬುದೂ ಅದರಲ್ಲಿ ಸೇರಿತ್ತು. ಇದಕ್ಕೆ ಮೊದಲು, ೨೦೨೨ರ ಮೇ ತಿಂಗಳಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ೪೯ ದೇಶಗಳಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಬಳಕೆಗೆ ಬಂದ ೧೬೦ಕ್ಕೂ ಹೆಚ್ಚು ಬೋಧನಸಾಧನಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಮಕ್ಕಳ ಖಾಸಗಿತನಕ್ಕೆ ಅಪಾಯವನ್ನು ತರುವಂಥವೆಂದು ಹೇಳಿತ್ತು.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂದೂ ಮಕ್ಕಳ ನಡೆನುಡಿಯನ್ನು ಬೆನ್ನಟ್ಟಿ ನೋಡಕೂಡದೆಂದೂ ವಿಧಿಸುತ್ತದೆ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಗೆ ಬರತಕ್ಕವು. ಅವು ಶಿಕ್ಷಣಸಂಸ್ಥೆಗಳಿಗೆ ಬೋಧನೆ ಮತ್ತು ಸುರಕ್ಷತೆಯ ಮಟ್ಟಿಗೆ ವಿನಾಯಿತಿ ಕೊಡುತ್ತವೆ. ವಿನಾಯಿತಿ ಅಗತ್ಯವಿರಬಹುದು. ಆದರೆ ‘ಬೋಧನೆಗಾಗಿ’ ಎಂಬ ಮಾತಿನ ಎಲ್ಲೆ ಎಲ್ಲಿಯದೆಂದು ಕೇಳುವವರಿಲ್ಲದಿದ್ದರೆ ಬಾಗಿಲೇ ಗೋಡೆಗಿಂತ ದೊಡ್ಡದಾದೀತು. ಡೆನ್ಮಾರ್ಕಿನ ಹೆಲ್ಸಿಂಗೋರ್ ಪಟ್ಟಣದ ಶಾಲೆಗಳಲ್ಲಿ ಗೂಗಲ್ ಸಂಸ್ಥೆಯ ಯಂತ್ರ, ವೇದಿಕೆಗಳ ಬಳಕೆಯನ್ನು ೨೦೨೨ರ ಜುಲೈಯಲ್ಲಿ ಅಲ್ಲಿಯ ದತ್ತಾಂಶ ಪ್ರಾಧಿಕಾರ ತಡೆದದ್ದು ಈ ಎಲ್ಲೆಯನ್ನು ಕುರಿತ ಪ್ರಶ್ನೆಯಿಂದಲೇ.

ಕಲಿಕೆಯೆಂದರೆ ತಪ್ಪು ಮಾಡುವ ಸ್ವಾತಂತ್ರ್ಯ. ಏಳು ವರ್ಷದ ಮಗುವಿನ ಕಾಗುಣಿತದ ತಪ್ಪು ಅದರ ಇಪ್ಪತ್ತನೆಯ ವರ್ಷಕ್ಕೆ ಸಾಕ್ಷಿಯಾಗಿ ಉಳಿಯಬಾರದು. ವರ್ಷಾಂತ್ಯದಲ್ಲಿ ಸ್ಲೇಟನ್ನು ಒರಸುವಂತೆ ಮೇಘದ ಲೆಕ್ಕವನ್ನೂ ಒರಸುವ ವಿಧಿಯಿರಬೇಕು.

೭

ಉಳಿದದ್ದು ವೆಚ್ಚ ಮತ್ತು ಆಶ್ರಯದ ಪ್ರಶ್ನೆ. ಉಚಿತವೆಂದು ಬಂದದ್ದು ಉಚಿತವಾಗಿಯೇ ಇರುತ್ತದೆಯೆಂಬ ಭರವಸೆಯಿಲ್ಲ. ಶಾಲೆಗಳಿಗೆ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಕೊಟ್ಟಿದ್ದ ಗೂಗಲ್, ೨೦೨೧ರಲ್ಲಿ ಮಿತಿಯನ್ನು ಘೋಷಿಸಿ ೨೦೨೨ರಿಂದ ಜಾರಿಗೆ ತಂದಿತು. ಕೇರಳದ ಕೈಟ್ ಸಂಸ್ಥೆ ತನ್ನ ಶಾಲೆಗಳ ಗಣಕಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಬಳಸುವ ವ್ರತವನ್ನು ಬಹುಕಾಲ ನಡೆಸಿಕೊಂಡು ಬಂದದ್ದು ಪ್ರಸಿದ್ಧ. ೨೦೨೦ರ ಜೂನ್ ೧ರಿಂದ ದೂರದರ್ಶನದ ವಾಹಿನಿಯಲ್ಲಿ ಅದು ನಡೆಸಿದ ‘ಫಸ್ಟ್ ಬೆಲ್’ ಪಾಠಗಳು ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲಿಯೂ ಸಿದ್ಧವಾದವು. ಆ ಸಂಸ್ಥೆಯೂ ೨೦೨೧ರಲ್ಲಿ ಅಧ್ಯಾಪಕರು ಮಕ್ಕಳು ಎದುರುಬದುರಾಗಿ ಮಾತನಾಡುವ ವೇದಿಕೆ ಬೇಕಾದಾಗ ಗೂಗಲಿನದನ್ನೇ ಆರಿಸಬೇಕಾಯಿತು. ಯಂತ್ರ ಸ್ವತಂತ್ರ, ಮೇಘ ಪರತಂತ್ರ ಎಂಬ ಈ ಸ್ಥಿತಿ ವಿಚಾರಾರ್ಹ.

ಜಾಲವೇ ಇಲ್ಲದವರ ಸಂಗತಿ ಬೇರೆ. ೨೦೧೭–೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೫ನೆಯ ಸುತ್ತಿನ ಪ್ರಕಾರ ಅಂತರ್ಜಾಲದ ಅನುಕೂಲವಿದ್ದ ಮನೆಗಳು ಗ್ರಾಮಗಳಲ್ಲಿ ಶೇಕಡ ೧೪.೯, ನಗರಗಳಲ್ಲಿ ಶೇಕಡ ೪೨. ಆ ಮೇಲೆ ಕೈಫೋನು ಬಹಳ ಹರಡಿದೆ. ಆದರೆ ಮನೆಗೆ ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿ, ಎಂಬ ಮನೆಗಳು ಪೋರೂರಿನಂಥ ನಗರಭಾಗದಲ್ಲಿಯೂ ಇಲ್ಲದಿಲ್ಲ. ಇದಲ್ಲದೆ ಚೆನ್ನೈಗೆ ನಿಜವಾದ ಮೇಘಗಳ ಕಾಟವೂ ಉಂಟು. ೨೦೧೫ರ ಡಿಸೆಂಬರಿನ ಪ್ರವಾಹ, ೨೦೧೬ರ ಡಿಸೆಂಬರಿನ ವರ್ದಾ ಚಂಡಮಾರುತ, ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ—ಈ ಮೂರು ಸಲವೂ ವಿದ್ಯುತ್ತು, ದೂರವಾಣಿಗಳು ಕೆಟ್ಟು ನಗರ ಕಂಗೆಟ್ಟಿತು. ಆಕಾಶದ ಮೇಘ ಬಂದಾಗ ಯಂತ್ರದ ಮೇಘ ಕೈಬಿಡುತ್ತದೆ. ಅಂಥ ದಿನಗಳಲ್ಲಿ ಮಗುವಿನ ಚೀಲದಲ್ಲಿರುವ ಪುಸ್ತಕವೇ ಶಾಲೆ.

೮

ಹೀಗೆಂದಮಾತ್ರಕ್ಕೆ ಮೇಘವನ್ನು ಬಿಡಬೇಕೆಂಬ ನಿರ್ಣಯ ಹೊರಡುವುದಿಲ್ಲ. ಪೋರೂರಿನ ಕೆರೆಯೇ ಇದಕ್ಕೆ ಸಮಾಧಾನವನ್ನು ಸೂಚಿಸುತ್ತದೆ. ಮೇಘ ಬರುತ್ತದೆ, ಹೋಗುತ್ತದೆ. ನಗರ ವರ್ಷವಿಡೀ ನೀರು ಕುಡಿಯುವುದು ಮಳೆಯನ್ನು ತಡೆದು ನಿಲ್ಲಿಸಿದ ಏರಿಯಿಂದ. ಶಾಲೆಗೂ ಇಂಥ ಕೆರೆ ಬೇಕು. ಜಾಲದಿಂದ ಪಾಠಗಳನ್ನು ಇಳಿಸಿಕೊಂಡು ಶಾಲೆಯೊಳಗಿನ ಒಂದು ಚಿಕ್ಕ ಗಣಕದಲ್ಲಿ ಇರಿಸಿ, ಜಾಲವಿಲ್ಲದೆಯೇ ತರಗತಿಗೆ ಒದಗಿಸುವ ‘ಕೋಲಿಬ್ರಿ’, ‘ಕಿವಿಕ್ಸ್’ ಮುಂತಾದ ಸ್ವತಂತ್ರ ತಂತ್ರಾಂಶಗಳು ಈಗಲೇ ಇವೆ. ದೀಕ್ಷಾದಲ್ಲಿಯೂ ಪಾಠವನ್ನು ಇಳಿಸಿಟ್ಟುಕೊಳ್ಳಲು ಅವಕಾಶವುಂಟು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸಬಹುದು. ಆ ಪೆಟ್ಟಿಗೆ ಶಾಲೆಯದಾಗಿರುತ್ತದೆ. ಅದರಲ್ಲಿರುವ ಪ್ರತಿ ರಾತ್ರೋರಾತ್ರಿ ಬದಲಾಗುವುದಿಲ್ಲ. ಮಗುವಿನ ತಪ್ಪುಗಳು ಶಾಲೆಯ ಗೋಡೆಯನ್ನು ದಾಟುವುದಿಲ್ಲ. ಬಿರುಗಾಳಿಯ ಮರುದಿನ ವಿದ್ಯುತ್ತು ಬಂದೊಡನೆ ಪಾಠ ನಡೆಯುತ್ತದೆ.

ಚೆನ್ನೈ, ಮುಂಬಯಿ, ದಿಲ್ಲಿಗಳ ಕನ್ನಡ ಸಂಘಗಳಿಗೆ ಇಲ್ಲಿ ಸ್ಪಷ್ಟವಾದ ಕೆಲಸವಿದೆ. ಭಾನುವಾರದ ಕನ್ನಡ ತರಗತಿಗೆ ಪುಸ್ತಕ ಸಾಲದೆಂಬ ಹಳೆಯ ಕೊರತೆಯನ್ನು ಮೇಘ ತುಂಬಿಕೊಟ್ಟಿದೆ. ಕಲಿಸುವವರಿಲ್ಲವೆಂಬ ಕೊರತೆಯನ್ನು ಅದು ತುಂಬಲಾರದು. ಮೇಘದಿಂದ ಪುಸ್ತಕವನ್ನು ತರಿಸುವುದು ಸಂಘದ ಒಬ್ಬ ಯುವಕನಿಗೆ ಒಂದು ಗಂಟೆಯ ಕೆಲಸ. ಪ್ರತಿ ಭಾನುವಾರ ಬಂದು ಮಗುವಿನ ಪಕ್ಕದಲ್ಲಿ ಕೂತು ಬೆರಳು ಹಿಡಿದು ತಿದ್ದಿಸುವುದು ಅನೇಕರ ಅನೇಕ ವರ್ಷಗಳ ಕೆಲಸ. ಮೊದಲನೆಯದು ಕೈಗೂಡಿತೆಂಬ ಸಂತೋಷದಲ್ಲಿ ಎರಡನೆಯದನ್ನು ಬಿಟ್ಟರೆ, ಬೆಲ್ಲನ ಪದ್ಧತಿಯನ್ನು ಕೊಂಡೊಯ್ದವರು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ.

ಶಾಲೆಯ ಮೇಘವನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು. ಮಗುವಿನ ತಪ್ಪನ್ನು ಅದು ಮರೆಯಬಲ್ಲುದೆ? ಪಾಠ ಬದಲಾದಾಗ ಬದಲಾಯಿತೆಂದು ಹೇಳುತ್ತದೆಯೆ? ಜಾಲ ಕಡಿದ ದಿನವೂ ಕನ್ನಡದ ಪುಟ ಮಗುವಿನ ಕೈಯಲ್ಲಿರುತ್ತದೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದನ್ನು ತರಗತಿಯೊಳಗೆ ಕರೆದುಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಒಂದಕ್ಕಾದರೂ ಇಲ್ಲವೆಂದು ಬಂದರೆ, ಆ ಕೊರತೆ ತೀರುವವರೆಗೆ ಅಧ್ಯಾಪಕನ ಕೈಯಲ್ಲಿರುವ ಬಳಪವೂ ಮಗುವಿನ ಚೀಲದಲ್ಲಿರುವ ಪುಸ್ತಕವೂ ತಮ್ಮ ಸ್ಥಾನವನ್ನು ಬಿಟ್ಟುಕೊಡಬಾರದು.